ದಿನಾ ಕ್ಯೂಆರ್ ಸ್ಕ್ಯಾನ್ ಮಾಡೋರೇ ಎನ್‌ಇಎಫ್‌ಟಿ ಫಾರಂ ಹಿಡ್ಕೊಂಡು ಬ್ಯಾಂಕಲ್ಲಿ ಕ್ಯೂ ನಿಲ್ತಾರೆ, ಯಾಕೆ?

ಬೆಣ್ಣೆದೋಸೆ_ದಾವಣಗೆರೆ:

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ಎಂಕಾಂ ಕೊನೇ ಸೆಮಿಸ್ಟರ್. ಬ್ಯಾಂಕ್ ಗ್ರಾಹಕರು ಆನ್‌ಲೈನ್ ಬ್ಯಾಂಕಿಂಗ್ ಶುರು ಮಾಡೋಕೆ ಏನೇನು ಕಾರಣ ಆಗುತ್ತೆ ಅನ್ನೋದು ನನ್ನ ಪ್ರಾಜೆಕ್ಟ್. ಗೈಡ್ ಮೇಡಂ ಟ್ಯಾಮ್ ಮಾಡೆಲ್ ಇಟ್ಕೊಂಡು ಮಾಡು ಅಂದ್ರು, ಅಂದ್ರೆ 1989ರಲ್ಲಿ ಫ್ರೆಡ್ ಡೇವಿಸ್ ಕೊಟ್ಟಿದ್ದು, ಇದ್ರಿಂದ ನನಗೆ ಉಪಯೋಗ ಇದೆ ಅಂತ ಅನ್ಸಬೇಕು, ಬಳಸೋದು ಕಷ್ಟ ಇಲ್ಲ ಅಂತಾನೂ ಅನ್ಸಬೇಕು, ಇವೆರಡೂ ಇದ್ರೆ ಜನ ಹೊಸ ಟೆಕ್ನಾಲಜಿ ಒಪ್ಕೋತಾರೆ ಅಂತ. ಅದೇ ಪ್ರಕಾರ ಪ್ರಶ್ನೆಪಟ್ಟಿ ಮಾಡ್ಕೊಂಡು ಮಂಡಿಪೇಟೆ, ಪಿಬಿ ರೋಡ್ ಕಡೆ ಅಂಗಡಿಯವರು, ಬ್ಯಾಂಕಿಗೆ ಬಂದೋರು, ಪೆನ್ಷನ್ ತಗೊಳ್ಳೋ ಹಿರಿಯರು, ಹಿಂಗೆ ಒಂದಷ್ಟು ಜನರನ್ನ ಮಾತಾಡಿಸ್ತಾ ಇದೀನಿ.

ಈಗ ಪೇಚು ಏನಂದ್ರೆ ಎಲ್ಲರೂ "ಸುಲಭ" ಅಂತಾನೇ ಟಿಕ್ ಹಾಕ್ತಾರೆ, "ಉಪಯೋಗ ಇದೆ" ಅಂತಾನೂ ಟಿಕ್ ಹಾಕ್ತಾರೆ. ಆದ್ರೆ ಹಂಗೆ ಟಿಕ್ ಹಾಕಿದ ಅಂಗಡಿ ಮಾಲೀಕರೇ ಬೆಳಗಿಂದ ಸಂಜೆವರೆಗೂ ಯುಪಿಐನಲ್ಲಿ ದುಡ್ಡು ತಗೊಂಡು, ಸರಕು ಕಳಿಸಿದ ಪಾರ್ಟಿಗೆ ದುಡ್ಡು ಹಾಕೋವಾಗ ಮಾತ್ರ ಕೆಲಸದ ಹುಡುಗನ ಕೈಲಿ ಚೆಕ್ಕು, ಎನ್‌ಇಎಫ್‌ಟಿ ಫಾರಂ (ಒಂದು ಖಾತೆಯಿಂದ ಇನ್ನೊಂದು ಬ್ಯಾಂಕಿನ ಖಾತೆಗೆ ದುಡ್ಡು ಕಳಿಸೋ ಫಾರಂ) ಕೊಟ್ಟು ಬ್ಯಾಂಕಿಗೆ ಕಳಿಸ್ತಾರೆ. ಟೀ ಕುಡಿದು ಹತ್ತು ರೂಪಾಯಿ ಫೋನಲ್ಲೇ ಕೊಡೋ ಮೇಷ್ಟ್ರು ಎಫ್‌ಡಿ ಮಾಡಿಸೋಕೆ ಮಾತ್ರ ಬ್ರಾಂಚಿಗೇ ಹೋಗ್ತಾರೆ. ಯಾಕೆ ಸರ್ ಅಂದ್ರೆ "ಸುಮ್ನೆ ಯಾಕಮ್ಮ ರಿಸ್ಕು" ಅಂತಾರೆ, ಇನ್ನೂ ಕೆದಕಿದ್ರೆ ನಗ್ತಾರೆ, ಮಾತು ಬದಲಾಯಿಸ್ತಾರೆ.

ಇದನ್ನ ಬರೀ "ನಂಬಿಕೆ ಇಲ್ಲ" ಅಂತ ಒಂದು ಕಾಲಮ್ಮಿಗೆ ಹಾಕಿ ಮುಗಿಸೋಕೆ ನನಗೆ ಇಷ್ಟ ಇಲ್ಲ. ನೀವಾಗ್ಲಿ ನಿಮ್ಮ ಮನೇವ್ರಾಗ್ಲಿ ಆನ್‌ಲೈನ್ ಬ್ಯಾಂಕಿಂಗ್ ಶುರು ಮಾಡಿದ್ದು ಯಾವಾಗ, ಯಾರು ಹೇಳಿ ಮಾಡಿದ್ರಿ, ಎಲ್ಲಿಗೆ ಬಂದು ನಿಂತ್ಕೊಂಡ್ರಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ? ಬ್ಯಾಂಕಲ್ಲಿ ಕೆಲಸ ಮಾಡೋರು ಇದ್ರೆ ದಯವಿಟ್ಟು ಬರೀರಿ.

ಕ್ಯಾಶ್_ಕೌಂಟರ್:

ನೋಡ್ರಿ ತಂಗಿ, ನಾನು ಗದಗ ಕಡೆ ಒಂದು ಹಳ್ಳಿ ಬ್ರಾಂಚಿನ್ಯಾಗ ಕೌಂಟರ್ ಮ್ಯಾಲೆ ಕೂಡಾವ, ನನಗ ಕಂಡದ್ದು ಹೇಳ್ತೀನಿ. ಮೊದಲನೇದು, ಆಪ್ ತಗೊಂಡಾರ ಅನ್ನೋದು ಬ್ಯಾರೆ, ಆಪ್ ಬಳಸ್ತಾರ ಅನ್ನೋದು ಬ್ಯಾರೆ. ನಮಗ ಮ್ಯಾಲಿಂದ ಟಾರ್ಗೆಟ್ ಬರ್ತದ, ಈ ತಿಂಗಳ ಇಷ್ಟು ಮಂದಿಗೆ ಮೊಬೈಲ್ ಬ್ಯಾಂಕಿಂಗ್ ಚಾಲೂ ಮಾಡಿಸ್ರಿ ಅಂತ. ಗಿರಾಕಿ ಫೋನ್ ಇಸ್ಕೊಂಡು ನಮ್ಮ ಹುಡುಗರ ಡೌನ್‌ಲೋಡ್ ಮಾಡಿ, ಹುಡುಗರ ಎಲ್ಲಾ ಒತ್ತಿ, ಕೊನೀಗೆ ಪಿನ್ ಒಂದು ಅವರ ಕಡಿಂದ ಹಾಕಿಸಿ ಫೋನ್ ವಾಪಸ್ ಕೊಡ್ತಾರ. ಲೆಕ್ಕದಾಗ ಅವರು ಆನ್‌ಲೈನ್ ಗ್ರಾಹಕರು. ಖರೇವಂದ್ರ ಆ ಆಪ್ ಆಮ್ಯಾಲೆ ತೆಗದಿರಂಗಿಲ್ಲ, ಫೋನ್ ತುಂಬೇತಿ ಅಂತ ಮನ್ಯಾಗಿನ ಹುಡುಗರು ಅಳಿಸಿ ಹಾಕಿರ್ತಾರ. ಅದಕ್ಕ ನೀವು ಆಪ್ ಐತೇನು ಅಂತ ಕೇಳಬ್ಯಾಡ್ರಿ, ಕೊನೇ ಸಲ ಯಾವಾಗ ತೆಗದ್ರಿ, ತೆಗದು ಏನ್ ಮಾಡಿದ್ರಿ ಅಂತ ಕೇಳ್ರಿ.

ಇನ್ನೊಂದು ಮಾತು ಹೇಳ್ತೀನಿ, ಇದು ಪುಸ್ತಕದಾಗ ಸಿಗೂದು ಕಡಿಮಿ. 2023ರ ಆಗಸ್ಟ್‌ನ್ಯಾಗ ಗೃಹಲಕ್ಷ್ಮಿ ಶುರು ಆತಲ್ರಿ, ಅವತ್ತಿಂದ ನಮ್ಮ ಬ್ರಾಂಚಿಗೆ ಹೆಣ್ಮಕ್ಕಳು ಬರೂದು ಭಾಳ ಹೆಚ್ಚಾಗೇತಿ. ಎರಡ ಸಾವಿರ ಬಂತೇನು ನೋಡ್ರಿ ಅಂತ ಪಾಸ್‌ಬುಕ್ ಮುಂದ ಹಿಡೀತಾರ. ಹೊರಗಿನವ್ರು ಬಂದು ನೋಡಿದ್ರ, ಅಯ್ಯೋ ಇವರಿಗೆ ಮೊಬೈಲ್ ಬರಂಗಿಲ್ಲ ಪಾಪ ಅಂತ ತಿಳ್ಕೋತಾರ. ಹಂಗಲ್ರಿ ಅದು. ಅವರ ಖಾತೆಗೆ ಹಚ್ಚಿದ ನಂಬರ್ ಯಾರದು ಅಂತ ನೋಡ್ರಿ ಒಮ್ಮೆ, ಗಂಡಂದು ಇರ್ತದ, ಇಲ್ಲಾ ಮಗಂದು. ಮೆಸೇಜ್ ಅವರ ಫೋನಿಗೆ ಹೋಗ್ತದ, ಓಟಿಪಿ ಅವರ ಫೋನಿಗೆ ಹೋಗ್ತದ, ಆಪ್ ಹಾಕಿದ್ರ ಅವರ ಫೋನಿನ್ಯಾಗ. ಅಂದಮ್ಯಾಲೆ ಆನ್‌ಲೈನ್ ಬ್ಯಾಂಕಿಂಗ್ ಅಂದ್ರ ಆಕಿ ರೊಕ್ಕದ ಕೀಲಿ ಇನ್ನೊಬ್ಬರ ಕೈಗೆ ಕೊಟ್ಟಂಗ. ಪಾಸ್‌ಬುಕ್ ಹಂಗಲ್ಲ, ಅದು ಆಕಿ ಟ್ರಂಕಿನ್ಯಾಗ ಇರ್ತದ, ಎಷ್ಟು ಬಂತು ಎಷ್ಟು ತೆಗದೆ ಅನ್ನೋದು ಆಕಿಗಿ ಮತ್ತು ನಮಗ ಅಷ್ಟ ಗೊತ್ತು. ತನ್ನ ಹೆಸರಿಲೆ ಬರೋ ರೊಕ್ಕ ತನ್ನ ಕೈಯಾಗ ಇಟ್ಕೋಳಾಕ ಆಕಿ ಪಾಸ್‌ಬುಕ್ ಹಿಡ್ದಾಳ. ನಿಮ್ಮ ಪ್ರಶ್ನೆಪಟ್ಟಿಯೊಳಗ "ಬ್ಯಾಂಕಿಗೆ ಕೊಟ್ಟ ನಂಬರ್ ನಿಮ್ಮದ ಫೋನಿಂದೇನು" ಅಂತ ಒಂದು ಪ್ರಶ್ನೆ ಹಾಕ್ರಿ, ಉಳಿದದ್ದೆಲ್ಲಾ ಅದರ ಮ್ಯಾಲೆ ನಿಂತೈತಿ.

ಆಮ್ಯಾಲೆ ನಂಬರಿನ ತ್ರಾಸು. ರೀಚಾರ್ಜ್ ಮಾಡ್ಸಲಿಲ್ಲ, ಸಿಮ್ ಬಂದ್ ಆತು, ಹೊಸ ನಂಬರ್ ತಗೊಂಡ್ರು, ಬ್ಯಾಂಕಿಗೆ ಹೇಳಲಿಲ್ಲ. ಎಟಿಎಂ ಕಾರ್ಡಿನ ತಾರೀಖು ಮುಗದಿರ್ತದ, ಕಾರ್ಡ್ ಇಲ್ಲಂದ್ರ ಯುಪಿಐ ಪಿನ್ ಹಾಕಾಕ ಬರಂಗಿಲ್ಲ ಅಂತ ಕೈ ಬಿಟ್ಟಿರ್ತಾರ. ಈಗ ಆಧಾರ್ ಓಟಿಪಿ ಮ್ಯಾಲೆನೂ ಪಿನ್ ಹಾಕಬಹುದು, ಆದ್ರ ಆಧಾರಿಗೆ ಇರೋ ನಂಬರ್, ಬ್ಯಾಂಕಿನ ನಂಬರ್ ಎರಡೂ ಒಂದ ಇರಬೇಕಲ್ರಿ. ಇವೆಲ್ಲಾ ಸಣ್ಣ ಸಣ್ಣ ಸಂಗತಿ ಕಂಡ್ರೂ ನನ್ನ ಅನುಭವದಾಗ ಮಂದಿ ಹಿಂದ ಸರಿಯೂದು ಇಲ್ಲೇ.

ಮತ್ತ ಶುರು ಹೆಂಗ ಆಗ್ತದ ಅಂದ್ರ, ಬಾಜೂಕ ಯಾರರ ನಿಂತು ಒಂದು ಸಲ ಮಾಡಿಸಬೇಕು. ನಾನು ಗದ್ದಲ ಇಲ್ಲದ ಹೊತ್ತಿನ್ಯಾಗ ಹೇಳ್ತೀನಿ, ಫೋನ್ ನಿಮ್ಮ ಕೈಯಾಗ ಇರ್ಲಿ, ಒತ್ತೂದು ನೀವ ಒತ್ರಿ, ನಿಮ್ಮ ಮಗಳಿಗೆ ಒಂದು ರೂಪಾಯಿ ಕಳಸ್ರಿ ಅಂತ. ಆಕಿ ಅಲ್ಲಿಂದ ಫೋನ್ ಮಾಡಿ "ಬಂತವ್ವಾ" ಅಂದ್ಲಂದ್ರ ಮುಗೀತು, ಹೆದರಿಕಿ ಅರ್ಧ ಇಳೀತದ. ಪೋಸ್ಟರ್ ಹಚ್ಚಿದ್ರ, ಆಫರ್ ಕೊಟ್ರ ಆಗದ ಕೆಲಸ ಆ ಒಂದು ರೂಪಾಯಿ ಮಾಡ್ತದ. ಆದ್ರ ಕೌಂಟರಿನ್ಯಾಗ ಕ್ಯೂ ನಿಂತಾಗ ಅಷ್ಟು ಹೊತ್ತು ಯಾರು ಕೊಡ್ತಾರ್ರಿ, ಸಿಬ್ಬಂದಿನ ಕಡಿಮಿ ಅದಾರ.

ಅಡಿಕೆ_ವ್ಯಾಪಾರ:

ಮಂಡಿಪೇಟೆಯವರ ವಿಷಯ ನಾನು ಹೇಳ್ತೀನಿ, ನಮ್ಮದೂ ಅದೇ ಥರದ ವ್ಯವಹಾರ, ತೀರ್ಥಹಳ್ಳಿ ಕಡೆ. ಅವರು ದಡ್ಡರಲ್ಲ, ಹೆದರುಪುಕ್ಕಲರೂ ಅಲ್ಲ. ಇನ್ನೂರು ರೂಪಾಯಿ ತಪ್ಪಿ ಬೇರೆಯವರಿಗೆ ಹೋದ್ರೆ ಹೋಯ್ತು ಅಂತ ಬಿಡಬಹುದು, ನಾಲ್ಕು ಲಕ್ಷ ಹೋದ್ರೆ ಯಾರ ಹತ್ರ ಕೇಳೋದು? ಎನ್‌ಇಎಫ್‌ಟಿ, ದೊಡ್ಡ ಮೊತ್ತ ಕಳಿಸೋ ಆರ್‌ಟಿಜಿಎಸ್ ಎರಡರಲ್ಲೂ ದುಡ್ಡು ಹೋಗೋದು ಅಕೌಂಟ್ ನಂಬರ್ ನೋಡ್ಕೊಂಡು, ನಾವು ಬರೆದ ಹೆಸರು ನೋಡ್ಕೊಂಡಲ್ಲ. ಒಂದು ಅಂಕಿ ಹೆಚ್ಚುಕಮ್ಮಿ ಆಗಿ ಆ ನಂಬರಲ್ಲಿ ಇನ್ಯಾರದೋ ಖಾತೆ ಇದ್ರೆ ದುಡ್ಡು ಅಲ್ಲಿಗೆ ಹೋಗಿ ಕೂರುತ್ತೆ. ಫಾರಂ ತುಂಬಿ ಕೊಟ್ರೆ ಕೌಂಟರಲ್ಲಿ ಇನ್ನೊಬ್ಬರು ಕಣ್ಣಾಡಿಸ್ತಾರೆ, ಸೀಲ್ ಹಾಕಿದ ಚೀಟಿ ಕೈಗೆ ಬರುತ್ತೆ, ನಾಳೆ ತಕರಾರು ಬಂದ್ರೆ ಆ ಚೀಟಿ ತೋರಿಸ್ಬಹುದು. ಯುಪಿಐ ಜನಕ್ಕೆ ಹಿಡಿಸಿದ್ದಕ್ಕೆ ನನ್ನ ಪ್ರಕಾರ ದೊಡ್ಡ ಕಾರಣ ದುಡ್ಡು ಕಳಿಸೋಕೆ ಮುಂಚೆ ಎದುರಿನವರ ಹೆಸರು ಕಾಣೋದು, ನೆಟ್ ಬ್ಯಾಂಕಿಂಗಲ್ಲಿ ಅದು ಇರ್ಲಿಲ್ಲ. ಆರ್‌ಬಿಐ 2025ರ ಏಪ್ರಿಲ್ 1ರೊಳಗೆ ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗೂ ಹೆಸರು ತೋರಿಸೋ ಸೌಲಭ್ಯ ಕೊಡಿ ಅಂತ ಬ್ಯಾಂಕುಗಳಿಗೆ ಹೇಳಿತ್ತು. ಮಂಡಿಪೇಟೆಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಅಂತ ಕೇಳಿ ನೋಡಿ.

ಟೈಮಿಂದೂ ಒಂದಿತ್ತು. ಮೊದಲು ಬ್ಯಾಂಕ್ ಬಾಗಿಲು ಹಾಕಿದ ಮೇಲೆ, ಭಾನುವಾರ, ಹಬ್ಬದ ದಿನ ಆನ್‌ಲೈನಲ್ಲಿ ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಒತ್ತಿದ್ರೂ ದುಡ್ಡು ಹೋಗ್ತಿದ್ದದ್ದು ಬ್ಯಾಂಕ್ ತೆಗೆದ ಮೇಲೇ, ಹಾಗಾಗಿ ನಮಗೆ ಅದರಲ್ಲಿ ಲಾಭ ಏನೂ ಕಾಣ್ತಿರ್ಲಿಲ್ಲ. ಎನ್‌ಇಎಫ್‌ಟಿ 2019ರ ಡಿಸೆಂಬರ್ 16ರಿಂದ ದಿನದ 24 ಗಂಟೆ ಆಯ್ತು, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ. ಅಡಿಕೆ ಲೋಡ್ ರಾತ್ರಿ ಹೊರಡೋದು, ರಾತ್ರೀನೇ ದುಡ್ಡು ಬಂತು ಅಂದ್ರೆ ಲಾರಿ ಬಿಡಬಹುದು. ಆರ್‌ಟಿಜಿಎಸ್ ಎರಡು ಲಕ್ಷದ ಕೆಳಗೆ ಆಗಲ್ಲ, ನಮ್ಮ ಲೋಡುಗಳು ಹೆಂಗೂ ಅದಕ್ಕಿಂತ ಮೇಲೇ. ನಮ್ಮಲ್ಲಿ ಹಲವರು ಚೆಕ್ಕು ಬಿಟ್ಟು ಆನ್‌ಲೈನಿಗೆ ಬಂದಿದ್ದು ಈ ರಾತ್ರಿ ವ್ಯವಹಾರಕ್ಕೇ, ಯಾರ ಭಾಷಣ ಕೇಳಿನೂ ಅಲ್ಲ. ಜೊತೆಗೆ 2017ರಿಂದ ಎರಡು ಲಕ್ಷ ಮತ್ತೆ ಅದಕ್ಕಿಂತ ಮೇಲೆ ನಗದಾಗಿ ತಗೊಳ್ಳೋ ಹಾಗಿಲ್ಲ ಅಂತ ಇನ್ಕಮ್ ಟ್ಯಾಕ್ಸ್ ಕಾನೂನು ಬಂತು, ಅದೂ ತಳ್ಳಿತು. ಕಾನೂನು ತಳ್ಳಿದ್ದಕ್ಕೆ ಶುರು ಮಾಡಿದೋರು, ಅನುಕೂಲ ಅಂತ ಶುರು ಮಾಡಿದೋರು, ಇಬ್ಬರನ್ನೂ ಬೇರೆ ಬೇರೆ ಎಣಿಸಿ.

ನಮ್ಮ ಕಡೆ ಇನ್ನೆರಡು ತೊಡಕು ಇದಾವೆ. ಒಂದು ನೆಟ್‌ವರ್ಕ್. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಕೈಕೊಟ್ರೆ ಫೋನ್ ಕಾಲೇ ಹತ್ತಲ್ಲ, ಓಟಿಪಿ ಎಲ್ಲಿಂದ ಬರಬೇಕು, ಅರ್ಧದಲ್ಲಿ ನಿಂತ ಟ್ರಾನ್ಸಾಕ್ಷನ್ ದುಡ್ಡು ಹೋಯ್ತಾ ಇಲ್ವಾ ಅಂತ ಗೊತ್ತಾಗದೆ ಗುಡ್ಡ ಹತ್ತಿ ಸಿಗ್ನಲ್ ಹುಡುಕೋ ಪರಿಸ್ಥಿತಿ ಒಂದು ಸಲ ಅನುಭವಿಸಿದೋನು ಮತ್ತೆ ಕ್ಯಾಶೇ ಸಾಕಪ್ಪ ಅಂತಾನೆ. ಎರಡನೇದು, ಬೆಳೆಗಾರರ ವ್ಯವಹಾರ ಬಹಳಷ್ಟು ಇರೋದು ಸಹಕಾರ ಸಂಘದಲ್ಲಿ. ಸಂಘ ಬ್ಯಾಂಕ್ ಅಲ್ಲ, ಅಲ್ಲಿನ ಖಾತೆಗೆ ಯುಪಿಐ ಹಾಕೋಕೆ ಬರಲ್ಲ. ಸಹಕಾರಿ ಬ್ಯಾಂಕ್‌ಗಳೂ ದುಡ್ಡು ಕಳಿಸೋ ಥರದ ಇಂಟರ್ನೆಟ್ ಬ್ಯಾಂಕಿಂಗ್ ಕೊಡಬೇಕಂದ್ರೆ ಆರ್‌ಬಿಐ ಅನುಮತಿ ಬೇಕು, ಎಲ್ಲರ ಹತ್ರ ಇಲ್ಲ. ಈ ರೈತರನ್ನ ಹಿಡ್ಕೊಂಡು ನೀವು ಯಾಕೆ ಆನ್‌ಲೈನ್ ಬಳಸಲ್ಲ ಅಂತ ಕೇಳಿದ್ರೆ ಅವರಾದ್ರೂ ಏನು ಹೇಳಬೇಕು.

ಕರಾವಳಿಯವಳು:

ಅಡಿಕೆಯವರು ಹೇಳಿದ "ಯಾರ ಹತ್ರ ಕೇಳೋದು" ಅನ್ನೋ ಮಾತಿಗೆ ನಾನು ಸೇರಿಸ್ತೇನೆ. ನಾನು ಉಡುಪಿಯವಳು. ನಮ್ಮ ಊರಲ್ಲಿ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಪಿಗ್ಮಿ ಶುರು ಮಾಡಿದ್ದು, ದಿನಕ್ಕೆ ಎರಡಾಣೆ, ಏಜೆಂಟ್ ಮನೆ ಬಾಗಿಲಿಗೇ ಬಂದು ತಗೊಂಡು ಹೋಗೋದು. ಓದು ಬರಹ ಬಾರದ ಮೀನು ಮಾರುವ ಹೆಂಗಸರೂ ದುಡ್ಡು ಕೊಟ್ಟದ್ದು ಎಂತಕ್ಕೆ? ಬರುವ ಮನುಷ್ಯನ ಗುರ್ತ ಉಂಟು, ಅವನ ಮನೆ ಎಲ್ಲಿ ಅಂತ ಗೊತ್ತುಂಟು. ಈಗಲೂ ಸೊಸೈಟಿಗಳ ಪಿಗ್ಮಿಯವರು ಅಂಗಡಿ ಅಂಗಡಿಗೆ ಬರ್ತಾರೆ, ಕೈಯಲ್ಲಿ ಮಶೀನ್ ಉಂಟು ಅಷ್ಟೇ ವ್ಯತ್ಯಾಸ. ಬಡ್ಡಿ ಜಾಸ್ತಿ ಸಿಗುವ ಬೇರೆ ದಾರಿ ಇದ್ರೂ ಜನ ಅವರಿಗೇ ಕೊಡ್ತಾರೆ. ಆನ್‌ಲೈನಲ್ಲಿ ಈ ಗುರ್ತದ ಮುಖ ಇಲ್ಲ. ಆ ಜಾಗದಲ್ಲಿ ಎಂತ ಇಡ್ತೀರಿ ಅನ್ನುವುದೇ ಪ್ರಶ್ನೆ.

ನಮ್ಮ ಚಿಕ್ಕಮ್ಮನಿಗೆ ಆದದ್ದು ಹೇಳ್ತೇನೆ. ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಲೈನ್ ಕಟ್ ಮಾಡ್ತೇವೆ, ಈ ನಂಬರಿಗೆ ಫೋನ್ ಮಾಡಿ ಅಂತ ಮೆಸೇಜ್ ಬಂತು. ಅವರು ಮಾಡಿದ್ರು, ಆಚೆಯವ ಎಂಥದೋ ಆಪ್ ಹಾಕಿಸಿದ, ಖಾತೆಯಿಂದ ದುಡ್ಡು ಹೋಯ್ತು. ಅದೇ ಸಂಜೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟ ಕಾರಣ ಒಂದಷ್ಟು ಮುಂದೆ ಹೋಗದ ಹಾಗೆ ತಡೆದ್ರು. ಆದ್ರೆ ನೋಡಿ, ಅವತ್ತಿಂದ ಆಪ್ ತೆಗೆದದ್ದು ಅವರೊಬ್ಬರೇ ಅಲ್ಲ. ಅವರ ಅಕ್ಕ, ನೆರೆಮನೆಯವರು, ಭಜನಾ ಮಂಡಳಿಯ ಹೆಂಗಸರು ಎಲ್ಲರೂ ತೆಗೆಸಿದ್ರು. ಒಬ್ಬರು ಕಲಿತರೆ ಇನ್ನೊಬ್ಬರು ಕಲಿಯುವುದಕ್ಕಿಂತ, ಒಬ್ಬರು ಕಳ್ಕೊಂಡ್ರೆ ಹತ್ತು ಜನ ಬಿಡುವುದು ಎಷ್ಟೋ ಬೇಗ. ನೀವು ಸರ್ವೆಯಲ್ಲಿ "ನಿಮಗೆ ಮೋಸ ಆಗಿದೆಯಾ" ಅಂತ ಮಾತ್ರ ಕೇಳಿದ್ರೆ ಇದು ಸಿಕ್ಕುವುದಿಲ್ಲ, "ನಿಮ್ಮ ಗುರ್ತದವರಿಗೆ ಆಗಿದೆಯಾ" ಅಂತ ಕೇಳಬೇಕು.

ದುಡ್ಡು ಹೋದ್ರೆ ಹೊಣೆ ಯಾರದ್ದು ಅಂತ ನಿಯಮ ಇಲ್ಲ ಅಂತ ಅಲ್ಲ, ಉಂಟು. ಆರ್‌ಬಿಐ 2017ರ ಜುಲೈ 6ಕ್ಕೆ ಹೊರಡಿಸಿದ ಸುತ್ತೋಲೆ. ಬ್ಯಾಂಕಿನ ಲೋಪದಿಂದ ಹೋದ್ರೆ ಗ್ರಾಹಕನ ಹೊಣೆ ಸೊನ್ನೆ. ಬ್ಯಾಂಕಿನದ್ದೂ ಅಲ್ಲ, ನಿಮ್ಮದ್ದೂ ಅಲ್ಲ, ನಡುವೆ ಬೇರೆ ಎಲ್ಲಿಯೋ ತೂತಾಗಿ ಹೋದದ್ದಾದ್ರೆ, ಬ್ಯಾಂಕಿಂದ ಮೆಸೇಜ್ ಬಂದು ಮೂರು ಕೆಲಸದ ದಿನದ ಒಳಗೆ ತಿಳಿಸಿದ್ರೆ ಆಗಲೂ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನದ ಒಳಗೆ ಹೇಳಿದ್ರೆ ಗ್ರಾಹಕನ ಹೊಣೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದ್ರೆ 10,000, ಕನಿಷ್ಠ ಬ್ಯಾಲೆನ್ಸ್ ಬೇಡದ ಬೇಸಿಕ್ ಖಾತೆಗೆ 5,000. ಹೇಳಿದ ಹತ್ತು ಕೆಲಸದ ದಿನದಲ್ಲಿ ಬ್ಯಾಂಕ್ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಹಾಕಬೇಕು, ತಪ್ಪು ಗ್ರಾಹಕನದ್ದು ಅಂತ ಸಾಬೀತು ಮಾಡುವ ಭಾರವೂ ಬ್ಯಾಂಕಿನದ್ದೇ. ನೀವೇ ಓಟಿಪಿ, ಪಿನ್ ಹೇಳಿದ್ರೆ ಮಾತ್ರ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ನಂತರ ಹೋದದ್ದು ಬ್ಯಾಂಕಿನದ್ದು. ಚಿಕ್ಕಮ್ಮನಿಗೆ ಇದನ್ನು ಯಾರೂ ಹೇಳಿರಲಿಲ್ಲ, ಬ್ರಾಂಚಿನಲ್ಲಿಯೂ ಇಲ್ಲ. ಆಫರ್ ಮೆಸೇಜ್ ದಿನಾ ಬರ್ತದೆ, ಇದರ ಬಗ್ಗೆ ಕನ್ನಡದಲ್ಲಿ ಒಂದು ಚೀಟಿ ಗೋಡೆಗೆ ಅಂಟಿಸಿದ್ದು ನಾನಂತೂ ನೋಡಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನೊಂದು, ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್ 2020ರ ಏಪ್ರಿಲಲ್ಲಿ ಬೇರೆ ಬ್ಯಾಂಕುಗಳಿಗೆ ಸೇರಿದವು. ಐಎಫ್‌ಎಸ್‌ಸಿ ಕೋಡ್ ಬದಲಾಯ್ತು, ಆಪ್ ಬದಲಾಯ್ತು. ಕಷ್ಟಪಟ್ಟು ಒಂದು ಆಪ್ ಕಲಿತ ಎಪ್ಪತ್ತು ವರ್ಷದವರಿಗೆ ಇನ್ನೊಂದು ಸಲ ಮೊದಲಿಂದ ಕಲಿಯಿರಿ ಅಂದ್ರೆ ಅವರು ಕೈಮುಗಿದು ಬ್ರಾಂಚಿಗೇ ಹೋಗ್ತಾರೆ.

ಬೇಕರಿ_ಬೆಂಗಳೂರು:

ಎಲ್ಲರೂ ಭಯದ ಬಗ್ಗೆನೇ ಬರೀತಿದೀರಾ, ಶುರು ಹೇಗಾಯ್ತು ಅಂತ ನಾನ್ ಹೇಳ್ತೀನಿ. ನಂದು ವಿಜಯನಗರದ ಹತ್ರ ಸಣ್ಣ ಬೇಕರಿ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ಬಂದ್ ಆದಾಗ ಗಿರಾಕಿ ಕೈಲಿ ಚೇಂಜ್ ಇಲ್ಲ, ನಮ್ಮ ಹತ್ರಾನೂ ಇಲ್ಲ, ವ್ಯಾಪಾರ ಬಿದ್ದೋಯ್ತು, ಅವಾಗ ಫೋನಲ್ಲಿ ದುಡ್ಡು ತಗೋತೀವಿ ಅಂತ ಬೋರ್ಡ್ ಹಾಕಿದ್ದು. ಇಷ್ಟ ಪಟ್ಟು ಹಾಕಿದ್ದಲ್ಲ. ಆಮೇಲೆ ಕೋವಿಡ್ ಬಂತು, ನೋಟು ಮುಟ್ಟೋಕೆ ಜನ ಹಿಂದೆಮುಂದೆ ನೋಡ್ತಿದ್ರು. ಅಷ್ಟ್ರಲ್ಲಿ ಎದುರಿನ ಕಾಂಡಿಮೆಂಟ್ಸ್, ಎಳನೀರು, ಹೂವು ಎಲ್ಲಾ ಕಡೆ ಸ್ಕ್ಯಾನರ್ ಬಂದಿತ್ತು, ನಮ್ಮಲ್ಲಿ ಇಲ್ಲ ಅಂದ್ರೆ ಗಿರಾಕಿ ಮುಂದಿನ ಅಂಗಡಿಗೆ ಹೋಗ್ತಾನೆ. ಅಂದ್ರೆ ನಾನು ಬಳಸಬೇಕಾ ಬೇಡ್ವಾ ಅಂತ ತೀರ್ಮಾನ ಮಾಡಿದ್ದು ಗಿರಾಕಿ. 2020ರ ಜನವರಿಯಿಂದ ಯುಪಿಐಗೆ ಅಂಗಡಿಯವರ ಹತ್ರ ಕಮಿಷನ್ ತಗೊಳ್ಳೋ ಹಾಗಿಲ್ಲ ಅಂತ ಆಗಿದ್ದು ದೊಡ್ಡ ಸಹಾಯ, ಕಾರ್ಡ್ ಮಶೀನ್ ಇಟ್ಕೊಂಡಿದ್ರೆ ಇಪ್ಪತ್ತು ರೂಪಾಯಿ ಪಫ್ಸ್‌ಗೂ ಅದರಲ್ಲಿ ಕಡಿತ ಇರ್ತಿತ್ತು. ಸೌಂಡ್ ಬಾಕ್ಸ್ ಬಂದ್ಮೇಲಂತೂ ನೆಮ್ಮದಿ, ಮುಂಚೆ ರಶ್ ಇದ್ದಾಗ ಯಾರು ಕೊಟ್ರು ಯಾರು ಹಳೇ ಸ್ಕ್ರೀನ್‌ಶಾಟ್ ತೋರಿಸಿ ಹೋದ್ರು ಅಂತ ಗೊತ್ತಾಗ್ತಿರ್ಲಿಲ್ಲ.

ಬಿಡೋ ಥರ ಆಗಿದ್ದು 2025ರ ಜುಲೈನಲ್ಲಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ಸಣ್ಣ ಅಂಗಡಿಯವರಿಗೆಲ್ಲ ಜಿಎಸ್‌ಟಿ ನೋಟಿಸ್ ಕಳಿಸ್ತು, ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದ್ರೆ ನೋಂದಣಿ ಮಾಡಿಸ್ಬೇಕಿತ್ತು ಅಂತ. ನಮ್ಮ ಏರಿಯಾದಲ್ಲಿ ಸ್ಕ್ಯಾನರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಚೀಟಿ ಅಂಟಿಸಿದ್ರು. ಅದರಲ್ಲಿ ಹಾಲು, ತರಕಾರಿ ಮಾರೋರೂ ಇದ್ರು, ಅವಕ್ಕೆ ಜಿಎಸ್‌ಟಿನೇ ಇಲ್ಲ. ಮುಖ್ಯಮಂತ್ರಿ ಕರೆದು ಮಾತಾಡಿದ್ಮೇಲೆ ಸ್ವಲ್ಪ ತಣ್ಣಗಾಯ್ತು. ಸುಮಾರು ಜನ ಮತ್ತೆ ಸ್ಕ್ಯಾನರ್ ಇಟ್ರು, ಯಾಕಂದ್ರೆ ಗಿರಾಕಿ ಜೇಬಲ್ಲಿ ಕ್ಯಾಶ್ ಇರಲ್ಲ. ಆದ್ರೆ ಒಂದು ಮಾತು ಮನಸಲ್ಲಿ ಕೂತ್ಬಿಟ್ಟಿದೆ, ಫೋನಲ್ಲಿ ಬಂದಿದ್ದೆಲ್ಲ ಎಲ್ಲೋ ಬರೆದಿಟ್ಕೊಂಡಿರ್ತಾರೆ ಅಂತ. ತೆರಿಗೆ ಕಟ್ಟಬಾರದು ಅಂತ ನಾನು ಹೇಳ್ತಿಲ್ಲ, ಯಾವುದಕ್ಕೆ ಎಷ್ಟು ಅಂತ ಮೊದಲೇ ಕನ್ನಡದಲ್ಲಿ ತಿಳಿಸಿ ಹೇಳಿದ್ರೆ ಇಷ್ಟು ಗಾಬರಿ ಆಗ್ತಿರ್ಲಿಲ್ಲ.

ಅದೇ ಲೆಕ್ಕದಿಂದ ಒಳ್ಳೇದೂ ಆಗಿದೆ, ಅದನ್ನೂ ಬರ್ಕೊಳ್ಳಿ. 2020ರ ಜೂನಲ್ಲಿ ಶುರುವಾದ ಸ್ವನಿಧಿ ಸಾಲ ಮೊದಲು 10,000 ಕೊಡ್ತಿದ್ರು ತಳ್ಳುಗಾಡಿಯವರಿಗೆ, ಡಿಜಿಟಲ್‌ನಲ್ಲಿ ವ್ಯಾಪಾರ ಮಾಡಿದ್ರೆ ತಿಂಗಳಿಗೆ 100 ರೂಪಾಯಿವರೆಗೆ ಕ್ಯಾಶ್‌ಬ್ಯಾಕ್ ಇತ್ತು. ನಮ್ಮ ಪಕ್ಕದ ಹೂವಿನವರು ಸ್ಕ್ಯಾನರ್ ಹಾಕಿಸಿದ್ದೇ ಅದಕ್ಕೆ.

ಬೆಣ್ಣೆದೋಸೆ_ದಾವಣಗೆರೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ. ಕ್ಯಾಶ್ ಕೌಂಟರ್ ಅಣ್ಣ, ಫೋನ್ ಯಾರದು ಅನ್ನೋ ಮಾತು ಓದಿ ನಮ್ಮಜ್ಜಿ ಪಾಸ್‌ಬುಕ್ ಯಾಕೆ ಯಾರ ಕೈಗೂ ಕೊಡಲ್ಲ ಅಂತ ಇವಾಗ ಅರ್ಥ ಆಯ್ತು. ಒಂದು ಕೇಳ್ತೀನಿ. ಇದನ್ನೆಲ್ಲ ಟ್ಯಾಮ್ ಒಳಗೆ ಹೇಗೆ ಕೂರಿಸೋದು? "ಉಪಯೋಗ", "ಸುಲಭ" ಎರಡೇ ಕಾಲಮ್ ಇರೋದು, ನಂಬರ್ ಮಗನ ಹೆಸರಲ್ಲಿದೆ, ಸಂಘಕ್ಕೆ ಯುಪಿಐ ಇಲ್ಲ, ಪಕ್ಕದ ಮನೆಯವರು ದುಡ್ಡು ಕಳ್ಕೊಂಡ್ರು ಇವೆಲ್ಲ ಎಲ್ಲಿ ಹಾಕ್ಲಿ? ಮೇಡಂಗೆ ಏನಂತ ಹೇಳ್ಲಿ? ಮತ್ತೆ ಕೀಪ್ಯಾಡ್ ಫೋನ್ ಇರೋರನ್ನ ಸರ್ವೆಯಿಂದ ಬಿಡ್ಬಹುದಾ?

ಮೇಷ್ಟ್ರು_ಶಾಂತಿನಗರ:

ನೋಡಮ್ಮ, ಮಾಡೆಲ್ ಬಗ್ಗೆ ನಾನು ಹೇಳ್ತೀನಿ, ಕಾಮರ್ಸ್ ಪಾಠ ಮಾಡೋನು. ಡೇವಿಸ್ ತನ್ನ ಮಾಡೆಲ್ ಕಟ್ಟಿದ್ದು ಆಫೀಸಲ್ಲಿ ಕಂಪ್ಯೂಟರ್ ಬಳಸೋರನ್ನ ಮನಸಲ್ಲಿಟ್ಕೊಂಡು, ಅಲ್ಲಿ ದುಡ್ಡು ಕಳ್ಕೊಳ್ಳೋ ಪ್ರಶ್ನೆ ಇರ್ಲಿಲ್ಲ. 2003ರಲ್ಲಿ ವೆಂಕಟೇಶ್ ಮತ್ತೆ ಅವರ ಜೊತೆಯವರು, ಅದರಲ್ಲಿ ಡೇವಿಸ್ ಕೂಡ ಇದ್ರು, ಯುಟಾಟ್ ಅಂತ ಇನ್ನೊಂದು ಕೊಟ್ರು. ಅದರಲ್ಲಿ ಸುತ್ತಮುತ್ತಲಿನವರ ಪ್ರಭಾವ, ಬಳಸೋಕೆ ಬೇಕಾದ ಅನುಕೂಲ ಇದೆಯಾ ಇಲ್ವಾ ಅನ್ನೋದು ಎರಡೂ ಸೇರಿದೆ. ಫೋನ್ ಯಾರದು, ನೆಟ್‌ವರ್ಕ್, ಸಂಘದ ಖಾತೆ ಇವೆಲ್ಲ ಅನುಕೂಲದಲ್ಲಿ ಬರುತ್ತೆ, ಭಜನಾ ಮಂಡಳಿ ಮತ್ತೆ ಗಿರಾಕಿ ಒತ್ತಡ ಸುತ್ತಮುತ್ತಲಿನವರ ಪ್ರಭಾವದಲ್ಲಿ. ಅದರ ಮೇಲೆ ನಷ್ಟದ ಭಯ ಅಂತ ಒಂದು ನೀವೇ ಸೇರಿಸಿ, ಬ್ಯಾಂಕಿಂಗ್ ಮೇಲೆ ಕೆಲಸ ಮಾಡಿದ ಬಹಳ ಜನ ಹಾಗೇ ಸೇರಿಸಿದಾರೆ, ಗೈಡ್ ಬೇಡ ಅನ್ನಲ್ಲ.

ಆದ್ರೆ ಅದಕ್ಕಿಂತ ಮುಖ್ಯ, ಆನ್‌ಲೈನ್ ಬ್ಯಾಂಕಿಂಗ್ ಅಂತ ಒಂದೇ ಗಂಟು ಕಟ್ಟಬೇಡಿ. ನಮ್ಮ ದೇಶದಲ್ಲಿ ಐಸಿಐಸಿಐ ನೆಟ್ ಬ್ಯಾಂಕಿಂಗ್ ಶುರು ಮಾಡಿದ್ದು 1996ರಲ್ಲಿ, ಯುಪಿಐ ಬಂದಿದ್ದು 2016ರಲ್ಲಿ. ಆ ಇಪ್ಪತ್ತು ವರ್ಷ ನೆಟ್ ಬ್ಯಾಂಕಿಂಗ್ ಮುಟ್ಟದೇ ಇದ್ದ ಜನ ಯುಪಿಐ ಹಿಡಿದ್ರು ಅಂದ್ರೆ ಎರಡನ್ನೂ ಜನ ಒಂದೇ ಅಂತ ನೋಡ್ತಿಲ್ಲ. ಪ್ರಶ್ನೆಪಟ್ಟಿಯಲ್ಲಿ ಬ್ಯಾಲೆನ್ಸ್ ನೋಡೋದು, ಸಣ್ಣ ಮೊತ್ತ ಕೊಡೋದು, ದೊಡ್ಡ ಮೊತ್ತ ಕಳಿಸೋದು, ಎಫ್‌ಡಿ ಮತ್ತೆ ಸಾಲ, ಈ ನಾಲ್ಕಕ್ಕೂ ಬೇರೆ ಬೇರೆಯಾಗಿ ಕೊನೇ ಸಲ ಹೇಗೆ ಮಾಡಿದ್ರಿ ಅಂತ ಕೇಳಿ. ಹಾಗೆ ಕೇಳಿದ್ರೆ ಎಲ್ಲರೂ "ಒಪ್ಪುತ್ತೇನೆ" ಅಂತ ಟಿಕ್ ಹಾಕೋ ಕಾಟ ತಪ್ಪುತ್ತೆ, ಯಾಕಂದ್ರೆ ನಡೆದಿದ್ದನ್ನ ಕೇಳ್ತಿದೀರಿ, ಅಭಿಪ್ರಾಯ ಅಲ್ಲ.

ಕೀಪ್ಯಾಡ್ ಫೋನಿನವರನ್ನ ಬಿಡ್ಲೇಬೇಡಿ. 2022ರ ಮಾರ್ಚಲ್ಲಿ ಅವರಿಗಂತಲೇ ಯುಪಿಐ 123ಪೇ ಬಂದಿದೆ, ಅದಕ್ಕೂ ಮುಂಚೆ ಫೋನಲ್ಲಿ *99# (ಸ್ಟಾರ್ 99 ಹ್ಯಾಶ್) ಒತ್ತಿ ದುಡ್ಡು ಕಳಿಸೋದು ಇತ್ತು, ಇಂಟರ್ನೆಟ್ ಬೇಡ. ಇದ್ದೂ ಯಾಕೆ ಬಳಸ್ತಿಲ್ಲ ಅನ್ನೋದು ನಿಮ್ಮ ಪ್ರಾಜೆಕ್ಟಿಗೇ ಒಳ್ಳೇ ಅಧ್ಯಾಯ ಆಗುತ್ತೆ. ಅವರನ್ನ ಬಿಟ್ರೆ ಆಗಲೇ ಒಪ್ಕೊಂಡೋರನ್ನ ಮಾತ್ರ ಕೇಳ್ದಂಗೆ ಆಗುತ್ತೆ.

ಕ್ಯಾಶ್_ಕೌಂಟರ್:

ಮೇಷ್ಟ್ರು ಹೇಳಿದ್ದು ಖರೆ ಐತ್ರಿ. ತಂಗಿ, ಒಂದು ಕೆಲಸ ಮಾಡ್ರಿ, ಬ್ರಾಂಚ್ ಮ್ಯಾನೇಜರ್‌ಗೆ ಕಾಲೇಜಿನ ಪತ್ರ ಕೊಟ್ಟು ಪಾಸ್‌ಬುಕ್ ಎಂಟ್ರಿ ಮಶೀನ್ ಹಂತ್ಯಾಕ ನಿಂದ್ರಾಕ ಅನುಮತಿ ತಗೋರಿ. ತಿಂಗಳ ಮೊದಲ ವಾರ ಪೆನ್ಷನ್‌ದವರು ಬರ್ತಾರ, ಸಂತಿ ದಿನ ಹಳ್ಳಿ ಮಂದಿ ಬರ್ತಾರ, ಇಬ್ಬರೂ ಸಿಗ್ತಾರ. ಖಾತೆ ನಂಬರ್, ಬ್ಯಾಲೆನ್ಸ್ ಏನೂ ಕೇಳಬ್ಯಾಡ್ರಿ, ಕೇಳಿದ್ರ ನಿಮ್ಮನ್ನೂ ಮೋಸ ಮಾಡಾಕ ಬಂದಾವ್ರು ಅಂತ ತಿಳ್ಕೋತಾರ. ಮತ್ತ ಹೆಣ್ಮಕ್ಕಳನ್ನ ಮಾತಾಡಿಸೋವಾಗ ಗಂಡ, ಮಗ ಬಾಜೂಕ ಇಲ್ಲದ್ದು ನೋಡ್ಕೊಂಡು ಮಾತಾಡಸ್ರಿ.

ಬೆಣ್ಣೆದೋಸೆ_ದಾವಣಗೆರೆ:

ಪತ್ರ ಸೋಮವಾರ ಮಾಡಿಸ್ತೀನಿ ಅಣ್ಣ. ಅಡಿಕೆ ಸರ್, ಎನ್‌ಇಎಫ್‌ಟಿಯಲ್ಲಿ ಹೆಸರು ಕಾಣೋದನ್ನ ಮಂಡಿಪೇಟೆಯವರಿಗೆ ಫೋನಲ್ಲೇ ತೋರಿಸಿ, ಇದಿದ್ರೆ ದೊಡ್ಡ ಮೊತ್ತನೂ ಕಳಿಸ್ತೀರಾ ಅಂತ ಕೇಳೋ ಪ್ರಶ್ನೆ ಸೇರಿಸ್ತಿದೀನಿ. ಅಕ್ಕ, 2017ರ ಆ ನಿಯಮ ಕನ್ನಡದಲ್ಲಿ ಒಂದು ಪುಟಕ್ಕೆ ಬರ್ಕೊಂಡು 1930 ನಂಬರ್ ದಪ್ಪಕ್ಕೆ ಹಾಕಿ, ಸರ್ವೆಗೆ ಉತ್ತರ ಕೊಟ್ಟೋರಿಗೆಲ್ಲ ಒಂದೊಂದು ಕೊಡೋಣ ಅಂದ್ಕೊಂಡಿದೀನಿ. ಬರೆದಾದ್ಮೇಲೆ ಇಲ್ಲಿ ಹಾಕ್ತೀನಿ, ತಪ್ಪಿದ್ರೆ ತಿದ್ದಿ.

ಕರಾವಳಿಯವಳು:

ಖಂಡಿತ ಹಾಕಿ. ಅದರಲ್ಲಿ ಎರಡು ಸಾಲು ಮರೀಬೇಡಿ, ದುಡ್ಡು ಬರಲಿಕ್ಕೆ ಪಿನ್ ಒತ್ತುವುದು ಬೇಡ, ಕಳಿಸಲಿಕ್ಕೆ ಮಾತ್ರ ಬೇಕು. ಮತ್ತೆ ಬ್ಯಾಂಕಿಗೆ ತಿಳಿಸಿದ್ದಕ್ಕೆ ಕಂಪ್ಲೇಂಟ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಬೇಕು, ಬರೀ ಬಾಯಲ್ಲಿ ಹೇಳಿ ಬಂದ್ರೆ ಯಾವ ದಿನ ಹೇಳಿದ್ರಿ ಅಂತ ನಾಳೆ ತೋರಿಸಲಿಕ್ಕೆ ಎಂತದೂ ಇರುವುದಿಲ್ಲ. ಕನ್ನಡ ದೊಡ್ಡ ಅಕ್ಷರದಲ್ಲಿ ಇರಲಿ, ನಾನು ಇಲ್ಲಿ ಪ್ರಿಂಟ್ ತೆಗೆದು ಭಜನಾ ಮಂಡಳಿಯಲ್ಲಿ ಹಂಚ್ತೇನೆ.